ಪುಸ್ತಕ ಹೇಳಿತು, ಮಿಷನ್ ತೋರಿಸಿತು: ನಂಬುವ ಮೊದಲು ಏನು ಕೇಳಬೇಕು?

ಸೆಟ್ಟೂರು: ನಮ್ಮ ಗಡಿ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಸಂತೆಯಲ್ಲಿ ಎರಡೂ. ಹೀಗಾಗಿ ಆರೋಗ್ಯದ ವಿಷಯದಲ್ಲಿ ನಮಗೆ ಬುದ್ಧಿ ಹೇಳುವವರೂ ಎರಡು ಪಟ್ಟು. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ತೆಲುಗು ಪುಸ್ತಕ ಒಂದು ಮಾತು ಹೇಳಿದರೆ, ಚಳ್ಳಕೆರೆಯಿಂದಲೋ ಪಾವಗಡದಿಂದಲೋ ಬಂದ ನೆಂಟರು ತಂದ ಕನ್ನಡ ಪುಸ್ತಕ ಇನ್ನೊಂದು ಹೇಳುತ್ತದೆ. ಇವುಗಳ ಜೊತೆಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬಂದಾಗ ತರುವ ಬಿ.ಪಿ. ಮಿಷನ್ನು, ಷುಗರ್ ಮಿಷನ್ನು ಬೇರೆ.

ನಮ್ಮ ಮನೆಯಲ್ಲೇ ನಡೆದ ಮಾತಿನಿಂದ ಶುರು ಮಾಡುತ್ತೇನೆ. ಸಕ್ಕರೆ ಕಾಯಿಲೆ ಇರುವ ಚಿಕ್ಕಪ್ಪ ಒಂದು ದಿನ ಜಗುಲಿಯ ಮೇಲೆ ಕೂತು ಹೇಳಿದರು: "ಮಾತ್ರೆ ಬಿಟ್ಟು ಎರಡು ತಿಂಗ್ಳಾತು ಕಣಪ್ಪಾ. ಈ ಬುಕ್ಕಿನಾಗೆ ಬರ್ದಿರೋ ಹಂಗೆ ಉಣ್ತಾ ಇದೀನಿ. ಮಿಷನ್ನಾಗೆ 212 ಇದ್ದದ್ದು 190ಕ್ಕೆ ಇಳಿದೈತೆ, ನೀನೇ ನೋಡು." ಓಣಿಯಲ್ಲಿ ನಾಲ್ಕು ಜನಕ್ಕೆ ಅದೇ ಪುಸ್ತಕ ಕೊಳ್ಳಲು ಹೇಳಿಯೂ ಆಗಿತ್ತು. ಮುಂದಿನ ತಿಂಗಳು ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗಾಯ ಕೀವಾಗಿ ವಾಸನೆ ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಕಾಲಿನ ಕಿರುಬೆರಳು ಉಳಿಯಲಿಲ್ಲ.

ಪುಸ್ತಕದ ಹೆಸರು ಇಲ್ಲಿ ಬೇಡ. ಅದರ ಕೊನೆಯ ಪುಟದಲ್ಲಿ "ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ" ಎಂದು ಸಣ್ಣಕ್ಷರದಲ್ಲಿ ಇದ್ದೇ ಇತ್ತು. ಮಿಷನ್ನೂ ಕೆಟ್ಟಿರಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಪುಸ್ತಕ, ಮಿಷನ್ನು, ಬಳಸಿದವರ ಅಭಿಪ್ರಾಯ, ಈ ಮೂರನ್ನೂ ತೂಗಿ ನೋಡುವ ಬಗೆ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಈ ಲೇಖನ ಅದರ ಬಗ್ಗೆ.

ಒಳ್ಳೆಯ ಪುಸ್ತಕಕ್ಕೆ ಬರವಿಲ್ಲ

ಮೊದಲೇ ಒಂದು ಮಾತು. ಆರೋಗ್ಯದ ಪುಸ್ತಕ ಓದುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಕನ್ನಡದಲ್ಲಿ ವೈದ್ಯರೇ ಬರೆದ ಒಳ್ಳೆಯ ಪುಸ್ತಕಗಳ ದೊಡ್ಡ ಪರಂಪರೆಯೇ ಇದೆ. ಕಾದಂಬರಿಗಾರ್ತಿಯಾಗಿ ಹೆಸರಾದ ಡಾ. ಅನುಪಮಾ ನಿರಂಜನ (1934-1991) ವೃತ್ತಿಯಿಂದ ವೈದ್ಯೆ. ಅವರ 'ತಾಯಿ-ಮಗು', 'ಕೇಳು ಕಿಶೋರಿ' ಪುಸ್ತಕಗಳು ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ವಿಷಯಗಳನ್ನು ಮನೆಯೊಳಕ್ಕೆ ತಂದವು. 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಆರಂಭಿಸಿ 'ರಾಶಿ' ಎಂದೇ ಜನಪ್ರಿಯರಾದ ಡಾ. ಎಂ. ಶಿವರಾಂ ಅವರೂ ವೈದ್ಯರು. ಮನಸ್ಸಿನ ಕಾಯಿಲೆಗಳ ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಚಿಂತೆ, ನಿದ್ದೆ, ಕುಡಿತ, ಮಕ್ಕಳ ಓದು ಎಂದು ಒಂದೊಂದು ವಿಷಯಕ್ಕೂ ತೆಳ್ಳಗಿನ ಪುಸ್ತಕ ಬರೆದು ಹಳ್ಳಿಗೆ ತಲುಪಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ತೆಲುಗು ಓದಬಲ್ಲ ನಮಗೆ ಇನ್ನೊಂದು ಲಾಭವಿದೆ. ಅಮೆರಿಕದ ಡೇವಿಡ್ ವರ್ನರ್ ಮೆಕ್ಸಿಕೊ ದೇಶದ ಗುಡ್ಡಗಾಡಿನ ರೈತರಿಗಾಗಿ ಬರೆದ ಪುಸ್ತಕವೊಂದು ಜಗತ್ತಿನ ಹತ್ತಾರು ಭಾಷೆಗಳಿಗೆ ಹೋಗಿದೆ. ಅದನ್ನು ಹೈದರಾಬಾದ್ ಬುಕ್ ಟ್ರಸ್ಟ್ 'ವೈದ್ಯುಡು ಲೇನಿ ಚೋಟ' ಎಂಬ ಹೆಸರಿನಲ್ಲಿ ತೆಲುಗಿಗೆ ತಂದಿದೆ. ಹಳೆಯ ಮುದ್ರಣ ಕೈಗೆ ಸಿಕ್ಕಿದರೆ ಔಷಧಿಗಳ ಹೆಸರು, ಪ್ರಮಾಣಗಳನ್ನು ಮಾತ್ರ ಈಗಿನ ವೈದ್ಯರನ್ನು ಕೇಳಿಯೇ ಬಳಸಬೇಕು. ಆದರೆ ಚಿತ್ರಗಳ ಸಹಿತ ಅದು ವಿವರಿಸುವ ರೀತಿ ಇಂದಿಗೂ ಮಾದರಿ.

ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಣ ಒಂದಿದೆ. "ಇಲ್ಲಿಯವರೆಗೆ ಮನೆಯಲ್ಲಿ ನೋಡಿಕೊಳ್ಳಿ, ಇಲ್ಲಿಂದ ಮುಂದೆ ಆಸ್ಪತ್ರೆಗೆ ಹೋಗಿ" ಎಂಬ ಗೆರೆಯನ್ನು ಅವು ಎಳೆದು ತೋರಿಸುತ್ತವೆ. ಆ ಗೆರೆ ಇಲ್ಲದ ಪುಸ್ತಕ, ಎಲ್ಲ ಕಾಯಿಲೆಗೂ ಒಂದೇ ಮದ್ದು ಎನ್ನುವ ಪುಸ್ತಕ, ಡಾಕ್ಟರುಗಳೆಲ್ಲ ಕಳ್ಳರು ಎಂದು ಶುರುವಾಗುವ ಪುಸ್ತಕ ಕಂಡರೆ ಎಚ್ಚರವಾಗಿರಿ.

"ನನಗೆ ಗುಣವಾಯ್ತು" ಎಂದರೆ ಏನರ್ಥ?

ಬಳಸಿದವರ ಅಭಿಪ್ರಾಯ ಕೇಳಿ ಕೊಳ್ಳುವುದು ನಮ್ಮ ರೂಢಿ. ಎತ್ತು ಕೊಳ್ಳುವಾಗಲೂ ಹಾಗೆಯೇ. ಆದರೆ ಎತ್ತು ಉಳುತ್ತದೆಯೋ ಇಲ್ಲವೋ ಒಂದೇ ದಿನಕ್ಕೆ ಗೊತ್ತಾಗುತ್ತದೆ. ಕಾಯಿಲೆಯ ವಿಷಯ ಹಾಗಲ್ಲ. ಪ್ರಾಮಾಣಿಕವಾಗಿ ಹೇಳಿದ ಅಭಿಪ್ರಾಯವೂ ದಾರಿ ತಪ್ಪಿಸಬಹುದು. ಕಾರಣಗಳು ಹೀಗಿವೆ.

ಒಂದು, ಬಹಳಷ್ಟು ನೋವು ತಾನಾಗಿಯೇ ಏರಿ ಇಳಿಯುತ್ತದೆ. ಮಂಡಿನೋವು ತೀರಾ ಹೆಚ್ಚಾದಾಗಲೇ ನಾವು ಹೊಸ ಎಣ್ಣೆಯನ್ನೋ ಹೊಸ ಪಟ್ಟಿಯನ್ನೋ ಕೊಳ್ಳುವುದು. ಆಮೇಲೆ ಅದು ತಾನಾಗಿ ಇಳಿದರೂ ಹೆಸರು ಎಣ್ಣೆಗೆ.

ಎರಡು, ಹೊಸ ಪುಸ್ತಕ ಓದಿದವರು ಒಂದನ್ನೇ ಬದಲಿಸುವುದಿಲ್ಲ. ಬೆಳಿಗ್ಗೆ ನಡೆಯುತ್ತಾರೆ, ಬೀಡಿ ಕಡಿಮೆ ಮಾಡುತ್ತಾರೆ, ರಾತ್ರಿ ಬೇಗ ಉಣ್ಣುತ್ತಾರೆ. ಕೊನೆಗೆ ಯಾವುದರಿಂದ ಗುಣವಾಯಿತು ಎಂದು ಹೇಳುವುದು ಕಷ್ಟ.

ಮೂರು, ಗುಣವಾದವರು ಮಾತ್ರ ಮಾತನಾಡುತ್ತಾರೆ. ನೂರು ಜನ ಕೊಂಡು ಹತ್ತು ಜನಕ್ಕೆ ಹಾಯೆನಿಸಿದರೆ ಆ ಹತ್ತು ಜನ ಊರೆಲ್ಲ ಹೇಳುತ್ತಾರೆ. ಮಿಕ್ಕ ತೊಂಬತ್ತು ಜನ ದುಡ್ಡು ಹೋಯಿತಲ್ಲ ಎಂದು ಅಟ್ಟದ ಮೇಲಿಟ್ಟು ಸುಮ್ಮನಾಗುತ್ತಾರೆ.

ನಾಲ್ಕು, ದುಡ್ಡು ಪಡೆದು ಹೊಗಳುವವರೂ ಇದ್ದಾರೆ. ಇಂಟರ್‌ನೆಟ್ಟಿನಲ್ಲಿ ವಸ್ತುಗಳ ಬಗ್ಗೆ ಬರುವ ನಕಲಿ ಅಭಿಪ್ರಾಯಗಳ ಕಾಟ ಎಷ್ಟಾಗಿದೆ ಎಂದರೆ, ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಇದಕ್ಕೆಂದೇ ಐ.ಎಸ್. 19000 ಎಂಬ ಮಾನದಂಡ ಹೊರಡಿಸಬೇಕಾಯಿತು.

ಆದ್ದರಿಂದ ಯಾರಾದರೂ ಪುಸ್ತಕವನ್ನೋ ಮಿಷನ್ನನ್ನೋ ಹೊಗಳಿದರೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ದಿನದಿಂದ? ಇದರ ಜೊತೆಗೆ ಇನ್ನೇನು ಬದಲಿಸಿದಿರಿ? ಲ್ಯಾಬಿನ ರಿಪೋರ್ಟು ಇದೆಯಾ, ಬರೀ ಅನಿಸಿಕೆಯಾ? ಇದನ್ನು ಮಾರುವುದರಲ್ಲಿ ನಿಮಗೇನಾದರೂ ಪಾಲು ಇದೆಯಾ? ನಾಲ್ಕಕ್ಕೂ ನೇರ ಉತ್ತರ ಬಂದರೆ ಆ ಅಭಿಪ್ರಾಯಕ್ಕೆ ಬೆಲೆ ಇದೆ.

ಹೆಸರು ಒಂದು, ಭಾಷೆ ಎರಡು

ಎರಡು ಭಾಷೆಯ ಪುಸ್ತಕ ಓದುವ ನಮಗೆ ಇನ್ನೊಂದು ತೊಡಕು ಇದೆ. ಇತ್ತೀಚಿನ ವರ್ಷಗಳಲ್ಲಿ ಎರಡೂ ಭಾಷೆಗಳಲ್ಲಿ ಹೆಚ್ಚು ಮಾತಾಗಿರುವುದು ಸಿರಿಧಾನ್ಯ. ಇದರ ಪ್ರಚಾರದಿಂದ ಮನೆಮಾತಾದ ಡಾ. ಖಾದರ್ ವಲಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವೂ ಆಗಿತ್ತು. ಕನ್ನಡದ ನವಣೆ ತೆಲುಗಿನಲ್ಲಿ ಕೊರ್ರಲು, ಸಾಮೆ ಎಂದರೆ ಸಾಮಲು, ಹಾರಕ ಎಂದರೆ ಅರಿಕೆಲು, ಊದಲು ಎರಡೂ ಕಡೆ ಊದಲೇ. ಆದರೆ ಕನ್ನಡದ ಕೊರಲೆಗೂ ತೆಲುಗಿನ ಕೊರ್ರಲಿಗೂ ಗೊಂದಲ ಮಾಡಿಕೊಳ್ಳಬೇಡಿ. ಕೊರಲೆಗೆ ತೆಲುಗಿನಲ್ಲಿ ಅಂಡು ಕೊರ್ರಲು ಎನ್ನುತ್ತಾರೆ. ಅಂಗಡಿಯಲ್ಲಿ ಎರಡರ ಬೆಲೆಯೂ ಬೇರೆ.

ಇದಕ್ಕಿಂತ ಅಪಾಯದ ಪದವೂ ಇದೆ. ತೆಲುಗಿನಲ್ಲಿ 'ವಿರೇಚನಾಲು' ಎಂದರೆ ಭೇದಿ. ಕನ್ನಡದ ಆಯುರ್ವೇದ ಪುಸ್ತಕದಲ್ಲಿ 'ವಿರೇಚನ' ಎಂದರೆ ಹೊಟ್ಟೆ ತೊಳೆಯಲು ಭೇದಿ ಮಾಡಿಸುವ ಚಿಕಿತ್ಸೆ. "ವಿರೇಚನಕ್ಕೆ ಇದು ಒಳ್ಳೆಯದು" ಎಂಬ ಸಾಲನ್ನು ತೆಲುಗಿನ ಅರ್ಥದಲ್ಲಿ ಓದಿ, ಭೇದಿ ಆಗುತ್ತಿರುವ ಮಗುವಿಗೆ ಅದನ್ನೇ ಕುಡಿಸಿದರೆ ಏನಾದೀತು, ಯೋಚಿಸಿ. ಭೇದಿಗೆ ಬೇಕಾದದ್ದು ಓ.ಆರ್.ಎಸ್. ನೀರು. ಎರಡು ಭಾಷೆ ಬಲ್ಲವರು ಪುಸ್ತಕದ ಪದ ಅನುಮಾನ ಬಂದರೆ ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಒಂದು ಮಾತು ಕೇಳಿ.

ಇನ್ನು ಸಿರಿಧಾನ್ಯ ತಿಂದರೆ ಮಾತ್ರೆ ಬಿಡಬಹುದೇ? ಪಾಲಿಶ್ ಮಾಡಿದ ಅಕ್ಕಿಗಿಂತ ಇವುಗಳಲ್ಲಿ ನಾರು ಹೆಚ್ಚು, ಸಕ್ಕರೆ ಏರುವ ವೇಗ ಸಾಮಾನ್ಯವಾಗಿ ಕಡಿಮೆ. ನಮ್ಮ ಒಣ ಬೇಸಾಯದ ನೆಲಕ್ಕೂ ಅವು ಹೊಂದುವ ಬೆಳೆ. ಆದರೆ ಅವುಗಳಲ್ಲೂ ಪಿಷ್ಟ ಇದೆ. ತಟ್ಟೆ ತುಂಬ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಊಟ ಬದಲಿಸಿದ ಮೇಲೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಬೇಕಾಗಿ ಬರಬಹುದು, ಅದು ಸಂತೋಷದ ವಿಷಯವೇ. ಆದರೆ ಅದನ್ನು ವೈದ್ಯರು ರಿಪೋರ್ಟು ನೋಡಿ ತೀರ್ಮಾನಿಸಬೇಕು, ಪುಸ್ತಕ ಅಲ್ಲ.

ಅಳೆಯುವ ಮಿಷನ್, ಗುಣಪಡಿಸುವ ಮಿಷನ್

ಮಿಷನ್ನುಗಳನ್ನು ಎರಡು ಗುಂಪು ಮಾಡಿ ನೋಡಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಕೆಲವು ಅಳೆಯುತ್ತವೆ: ಬಿ.ಪಿ., ಷುಗರ್, ಜ್ವರ, ಆಮ್ಲಜನಕ. ಇವು ಸರಿಯಾಗಿವೆಯೇ ಎಂದು ಆಸ್ಪತ್ರೆಯ ಅಳತೆಯ ಜೊತೆ ಹೋಲಿಸಿ ನೋಡಬಹುದು. ಇನ್ನು ಕೆಲವು ಗುಣಪಡಿಸುತ್ತೇವೆ ಎನ್ನುತ್ತವೆ: ಮ್ಯಾಗ್ನೆಟ್ ಬಳೆ, ಬಿಸಿ ಮಂಚ, ಮಿಂಚಿನ ಚಪ್ಪಲಿ. ಇವುಗಳನ್ನು ಮನೆಯಲ್ಲಿ ಪರೀಕ್ಷಿಸುವ ದಾರಿ ಇಲ್ಲ.

ಮೊದಲು ಷುಗರ್ ಮಿಷನ್. ಇದಕ್ಕಿರುವ ಅಂತರರಾಷ್ಟ್ರೀಯ ಮಾನದಂಡದ (2013) ಪ್ರಕಾರ, ಸಕ್ಕರೆ 100ಕ್ಕಿಂತ ಹೆಚ್ಚಿದ್ದಾಗ ನೂರರಲ್ಲಿ 95 ಸಲ ಮಿಷನ್ನಿನ ಲೆಕ್ಕ ಲ್ಯಾಬಿನ ಲೆಕ್ಕಕ್ಕಿಂತ ಶೇ. 15ರಷ್ಟು ಆಚೀಚೆ ಒಳಗೆ ಇರಬೇಕು. ಅಂದರೆ ನಿಜವಾದ ಸಕ್ಕರೆ 200 ಇದ್ದರೆ ಒಳ್ಳೆಯ ಮಿಷನ್ನೇ 170ರಿಂದ 230ರವರೆಗೆ ಎಷ್ಟನ್ನಾದರೂ ತೋರಿಸಬಹುದು. ಈಗ ಚಿಕ್ಕಪ್ಪನ ಲೆಕ್ಕಕ್ಕೆ ಬನ್ನಿ. 212 ಇದ್ದದ್ದು 190 ಆಯಿತು ಎಂದು ಅವರು ಸಂತೋಷಪಟ್ಟರಲ್ಲ, ಆ ವ್ಯತ್ಯಾಸ ಮಿಷನ್ನಿನ ಆಟದ ಒಳಗೇ ಇತ್ತು. ಜೊತೆಗೆ ಖಾಲಿ ಹೊಟ್ಟೆಯಲ್ಲಿ 190 ಎಂಬುದು ಇಳಿದ ಸಕ್ಕರೆ ಅಲ್ಲವೇ ಅಲ್ಲ. ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 126 ದಾಟಿದರೇ ಕಾಯಿಲೆ ಎನ್ನುತ್ತಾರೆ. ಎರಡು ಮೂರು ತಿಂಗಳ ಸರಾಸರಿ ತಿಳಿಯಬೇಕಾದರೆ ಎಚ್.ಬಿ.ಎ.1ಸಿ. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಊಟದ ಪದ್ಧತಿ ಬದಲಿಸಿದ್ದು ಫಲ ಕೊಟ್ಟಿದೆಯೇ ಎಂದು ನೋಡಲು ಅದೇ ಸರಿಯಾದ ತಕ್ಕಡಿ.

ಬಳಸುವಾಗ ನೆನಪಿಡಬೇಕಾದ್ದು: ಬೆರಳು ಚುಚ್ಚುವ ಮೊದಲು ಕೈ ತೊಳೆದು ಒರೆಸಿ. ಬೆಲ್ಲ, ಹಣ್ಣು ಮುಟ್ಟಿದ ಬೆರಳು ಸುಳ್ಳು ಲೆಕ್ಕ ಕೊಡುತ್ತದೆ. ಪಟ್ಟಿಗಳ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಿ, ಅವಧಿ ಮುಗಿದದ್ದನ್ನು ಬಳಸಬೇಡಿ. ಬಹಳಷ್ಟು ಪಟ್ಟಿಗಳನ್ನು 30 ಡಿಗ್ರಿಯೊಳಗಿನ ಜಾಗದಲ್ಲಿ ಇಡಬೇಕು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತಗಡಿನ ಮನೆಯ ಗೋಡೆ ಗೂಡಿನಲ್ಲಿಟ್ಟರೆ ಪಟ್ಟಿ ಕೆಡುತ್ತದೆ. ಲೆಕ್ಕ 70ಕ್ಕಿಂತ ಕೆಳಗೆ ಬಂದು ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು 15 ನಿಮಿಷದ ಮೇಲೆ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಬಿ.ಪಿ. ಮಿಷನ್ ಕೊಳ್ಳುವವರು ಮಣಿಕಟ್ಟಿಗೆ ಕಟ್ಟುವುದಕ್ಕಿಂತ ತೋಳಿಗೆ ಕಟ್ಟುವುದನ್ನೇ ಕೊಳ್ಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿ.ಪಿ. ಇಲ್ಲದಿದ್ದರೂ ಹೆಚ್ಚು ತೋರಿಸುತ್ತದೆ. ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಬೀಡಿ ಬೇಡ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿಟ್ಟು ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡಿ. ಮನೆಯಲ್ಲಿ ದಿನವೂ 135/85 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಹೊಲದಿಂದ ಬಿಸಿಲಲ್ಲಿ ಬಂದು ಕೂತ ತಕ್ಷಣ ನೋಡಿ ಹೆದರುವುದೂ ಬೇಡ, ಒಂದು ದಿನ 120 ಬಂತೆಂದು ಮಾತ್ರೆ ಬಿಡುವುದೂ ಬೇಡ. ಬಿ.ಪಿ. ಸರಿಯಾಗಿರುವುದು ಬಹುತೇಕ ಆ ಮಾತ್ರೆಯಿಂದಲೇ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 2020-21ರ ಕೊರೊನಾ ಕಾಲದಲ್ಲಿ ಹಳ್ಳಿಹಳ್ಳಿಗೂ ಬಂತು. ಉಗುರು ಬಣ್ಣ, ತಣ್ಣನೆ ಬೆರಳು ಅದರ ಲೆಕ್ಕ ಕೆಡಿಸುತ್ತವೆ. ಕಪ್ಪು ಚರ್ಮದವರಲ್ಲಿ ಅದು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕಂಡುಬಂತು. ಉಸಿರು ಕಟ್ಟುತ್ತಿರುವವರನ್ನು ಮಿಷನ್ನಿನಲ್ಲಿ 96 ಬಂತೆಂದು ಮನೆಯಲ್ಲಿ ಕೂರಿಸಬಾರದು.

ನೀರಿನ ಫಿಲ್ಟರ್: ಬೇರೆ ಊರಿನ ಅಭಿಪ್ರಾಯ ನಡೆಯದು

ಅನಂತಪುರ ಜಿಲ್ಲೆಯ, ಆಚೆಗಿನ ಪಾವಗಡ ಸೀಮೆಯ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದುವುದು, ಮೂಳೆ ಬಿಗಿಯುವುದು ಇದರಿಂದಲೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನದಿ ನೀರು ಕುಡಿಯುವ ಊರಿನ ನೆಂಟರು "ನಮ್ಮ ಯು.ವಿ. ಫಿಲ್ಟರ್ ಬಹಳ ಚೆನ್ನಾಗಿದೆ" ಎಂದರೆ ಅದು ನಿಜವೇ ಇರಬಹುದು, ಅವರ ನೀರಿಗೆ. ಯು.ವಿ. ಬೆಳಕು ಕ್ರಿಮಿ ಕೊಲ್ಲುತ್ತದೆ, ಫ್ಲೋರೈಡ್ ತೆಗೆಯುವುದಿಲ್ಲ. ನೀರು ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದನ್ನು ತೆಗೆಯಲು ಆರ್.ಓ. ಅಥವಾ ಫ್ಲೋರೈಡ್‌ಗೆಂದೇ ಮಾಡಿದ ಫಿಲ್ಟರ್ ಬೇಕು. ಕೊಳ್ಳುವ ಮೊದಲು ನಿಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಡಿ.

ಮಾರುವವರು ತೋರಿಸುವ ಒಂದು ಆಟವನ್ನೂ ತಿಳಿದಿರಿ. ನಿಮ್ಮ ನೀರಿನಲ್ಲಿ ಎರಡು ಕಡ್ಡಿ ಇಟ್ಟು ಕರೆಂಟು ಹರಿಸುತ್ತಾರೆ, ನೀರು ಕೊಳಕು ಕಂದು ಬಣ್ಣಕ್ಕೆ ತಿರುಗುತ್ತದೆ. ಅವರ ಫಿಲ್ಟರಿನ ನೀರು ತಿಳಿಯಾಗಿಯೇ ಇರುತ್ತದೆ. ಆ ಕಂದು ಬಣ್ಣ ನಿಮ್ಮ ನೀರಿನ ವಿಷ ಅಲ್ಲ, ಕಡ್ಡಿಯ ಕಬ್ಬಿಣ ಕರಗಿ ಬಂದದ್ದು. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಲವಣ ಇಲ್ಲದ ನೀರಿನಲ್ಲಿ ಹರಿಯುವುದು ಕಡಿಮೆ. ಅಷ್ಟೇ.

ಬಳೆ, ಮಂಚ, ವಾಚು

ಮ್ಯಾಗ್ನೆಟ್ ಬಳೆ, ತಾಮ್ರದ ಬಳೆಗಳನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಕೀಲುವಾತ ಇರುವ 70 ಜನರಿಗೆ ತೊಡಿಸಿ ನೋಡಿದ್ದಾರೆ. ನಿಜವಾದ ಬಳೆ, ಹಾಗೆಯೇ ಕಾಣುವ ಉತ್ತುತ್ತಿ ಬಳೆ, ಎರಡನ್ನೂ ಸರದಿಯ ಮೇಲೆ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೋವಿನಲ್ಲಾಗಲಿ ಊತದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚುಚ್ಚದೆಯೇ ಸಕ್ಕರೆ ತೋರಿಸುತ್ತೇವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದೂ ಹೇಳಿತು.

ಕಲ್ಯಾಣಮಂಟಪದಲ್ಲಿ ಹದಿನೈದು ದಿನ ಉಚಿತವಾಗಿ ಮಲಗಿಸಿ ಹದಿನಾರನೇ ದಿನ ಬೆಲೆ ಹೇಳುವ ಮಂಚಗಳದ್ದೂ ಇದೇ ಕಥೆ. ಬಿಸಿಗೆ, ಒತ್ತುವಿಕೆಗೆ ಬೆನ್ನು ಹಾಯೆನಿಸುವುದು ನಿಜ. ಬಿಸಿನೀರಿನ ಚೀಲಕ್ಕೂ ಹಾಯೆನಿಸುತ್ತದೆ. ಅದರಿಂದ ಸಕ್ಕರೆ, ಬಿ.ಪಿ., ಕಿಡ್ನಿ ಎಲ್ಲ ಸರಿಹೋಗುತ್ತದೆ ಎಂದರೆ ಅದು ಬೇರೆ ಮಾತು. ಸಕ್ಕರೆ ಕಾಯಿಲೆ, ಬಿ.ಪಿ. ಮುಂತಾದವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನೇ 1954ರ ಕಾಯ್ದೆಯೊಂದು ನಿಷೇಧಿಸಿದೆ. ಆ ಕಾಯ್ದೆ ಔಷಧಿಗಳಿಗೂ, ಮಾಯಾ ಚಿಕಿತ್ಸೆಗಳಿಗೂ ಅನ್ವಯಿಸುತ್ತದೆ. ಮೋಸ ಹೋದವರು ರಸೀದಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ರಸೀದಿ ಕೊಡದವರಲ್ಲಿ ಕೊಳ್ಳಲೇಬೇಡಿ.

ಮನಸ್ಸಿನ ನೆಮ್ಮದಿಗೆ ಪುಸ್ತಕ ಓದುವವರಿಗೂ ಒಂದು ಮಾತು. ಒಳ್ಳೆಯ ಪುಸ್ತಕ ಧೈರ್ಯ ಕೊಡುತ್ತದೆ. ಆದರೆ ವಾರಗಟ್ಟಲೆ ನಿದ್ದೆ ಬಾರದೆ, ಸಾಲದ ಚಿಂತೆಯಲ್ಲಿ ಬದುಕೇ ಬೇಡ ಎನಿಸುತ್ತಿದ್ದರೆ ಪುಸ್ತಕ ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ಮಾತನಾಡಬಹುದು.

ಚಿಕ್ಕಪ್ಪ ಈಗ ಚೆನ್ನಾಗಿದ್ದಾರೆ. ನವಣೆ ಅನ್ನ ಬಿಟ್ಟಿಲ್ಲ, ಬೆಳಗಿನ ನಡಿಗೆಯೂ ಇದೆ. ಅವೆರಡೂ ಆ ಪುಸ್ತಕದಿಂದಲೇ ಕಲಿತದ್ದು. ಮಾತ್ರೆಯೂ ನುಂಗುತ್ತಾರೆ, ರಾತ್ರಿ ಮಲಗುವ ಮೊದಲು ಎರಡೂ ಪಾದ ತಿರುಗಿಸಿ ನೋಡಿಕೊಳ್ಳುತ್ತಾರೆ. ಮಿಷನ್ನಿನ ಪಕ್ಕ ಒಂದು ನೋಟ್‌ಬುಕ್ಕು ಇದೆ. ತಾರೀಖು, ಹೊತ್ತು, ಲೆಕ್ಕ, ಅಂದು ಉಂಡದ್ದು ಎಲ್ಲ ಅದರಲ್ಲಿ. ಮೂರು ತಿಂಗಳಿಗೊಮ್ಮೆ ಲ್ಯಾಬಿನ ರಿಪೋರ್ಟನ್ನು ಅದರೊಳಗೇ ಇಟ್ಟು ಡಾಕ್ಟರ ಮುಂದೆ ಹಿಡಿಯುತ್ತಾರೆ. ಓಣಿಯವರು ಯಾವ ಪುಸ್ತಕ ಒಳ್ಳೆಯದು ಎಂದು ಕೇಳಿದರೆ ಆ ನೋಟ್‌ಬುಕ್ಕನ್ನೇ ತೋರಿಸಿ, "ಮೊದ್ಲು ಇದನ್ನ ಬರೀರಿ, ಆಮೇಲೆ ಯಾವ್ದಾರ ಓದ್ರಿ" ಅನ್ನುತ್ತಾರೆ.